ಭಂಡಾರ ಹಚ್ಚುವ ಕೈ

ನಮ್ಮ ಮನೆದೇವರು ಮೈಲಾರಲಿಂಗ. ನಾಯಿ ಆ ದೇವರ ಸಂಗಾತಿ, ಹಾಗಾಗಿ ನಮ್ಮಲ್ಲಿ ನಾಯಿಗೆ ಯಾರೂ ಕಲ್ಲು ಹೊಡೆಯುವುದಿಲ್ಲ. ಪ್ರತಿ ರವಿವಾರ ಪೂಜೆ ಮುಗಿದ ಮೇಲೆ ನನ್ನ ಗಂಡ ನಾಯಿಯ ಹಣೆಗೆ ಅರಿಶಿನದ ಭಂಡಾರ ಹಚ್ಚಿ, ದೇವರ ಎಡೆಯ ಮೊದಲ ತುತ್ತನ್ನು ಅದಕ್ಕೆ ಹಾಕುತ್ತಾರೆ. ಅದು ತಿಂದ ಮೇಲೆಯೇ ನಮ್ಮ ಊಟ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ನೋಡಿ, ಮೂಕಪ್ರಾಣಿಗೆ ಮೊದಲು ಉಣಿಸುವ ಮನೆ ಸಿಕ್ಕಿತಲ್ಲ ಎಂದು ಶಿವನಿಗೆ ಕೈ ಮುಗಿದಿದ್ದೆ. ಈಗಲೂ ಮುಗಿಯುತ್ತೇನೆ. ಆದರೆ ಭಂಡಾರ ಹಚ್ಚಿದರೆ ನಾಯಿ ಸಾಕಿದಂತೆ ಆಯಿತು ಎಂದು ತಿಳಿದವರ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನಮ್ಮದು ಮೊರಬದ ಆಚೆಗಿನ ಎರೆಹೊಲದ ಊರು. ಹತ್ತಿ, ಹೆಸರು, ಹಿಂಗಾರಿಗೆ ಕಡಲೆ, ಜೋಳ. ಮನೆಯಲ್ಲಿ ನನ್ನ ಗಂಡ, ಅವರ ತಮ್ಮ, ನಾನು. ಹಟ್ಟಿಯಲ್ಲಿ ಒಂದು ಎಮ್ಮೆ, ಒಂದು ಜೋಡಿ ಎತ್ತು. ಅಂಗಳದಲ್ಲಿ ಈ ನಾಯಿ. ಮರಿಯಿದ್ದಾಗ ಕುನ್ನಿ ಎಂದು ಕರೆದೆವು, ಬೆಳೆದು ಎತ್ತಿನ ಮೊಣಕಾಲಿಗೆ ಬಂದ ಮೇಲೂ ಅದು ಕುನ್ನಿಯೇ. ಕಂದು ಮೈ, ಒಂದು ಕಿವಿ ಸದಾ ಮಡಚಿಕೊಂಡೇ ಇರುತ್ತದೆ. ಹೆಸರಿನ ರಾಶಿ ಕಣದಲ್ಲಿದ್ದಾಗ ಹಂದಿಗಳನ್ನು ಹತ್ತಿರ ಸುಳಿಯಗೊಡುವುದಿಲ್ಲ. ನಾನು ಎಮ್ಮೆ ಹಿಂಡುವಾಗ ಬಾಜೂಕ್ಕೆ ಬಂದು ಕೂರುತ್ತದೆ. ಬೊಗಸೆ ಹಾಲು ಹಾಕಿದರೆ ಕುಡಿಯುತ್ತದೆ, ಹಾಕದಿದ್ದರೂ ಎದ್ದು ಹೋಗುವುದಿಲ್ಲ.

ಮಳೆಗಾಲ ಬಂತೆಂದರೆ ಹಟ್ಟಿಯ ಗೋಡೆಯ ಬಿರುಕಿನಿಂದ ಉಣ್ಣಿಗಳು ಏಳುತ್ತವೆ. ಹೋದ ವರ್ಷ ಕುನ್ನಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಗೊಂಚಲುಗಟ್ಟಿ ಕೂತವು. ಆಮೇಲೆ ಅದಕ್ಕೆ ಜ್ವರ ಬಂತು. ರೊಟ್ಟಿ ಮೂಸಿ ಮುಖ ತಿರುಗಿಸುತ್ತಿತ್ತು, ವಸಡು ಬೆಳ್ಳಗಾಗಿತ್ತು. ನವಲಗುಂದದ ಡಾಕ್ಟರ ಹತ್ತಿರ ಒಯ್ದೆ. ಸೂಜಿ, ಸಲೈನು, ಗುಳಿಗೆ ಎಂದು ನಾನು ತುಪ್ಪ ಮಾರಿ ಕೂಡಿಸಿದ್ದೆಲ್ಲ ಹೋಯಿತು. ಆ ಡಾಕ್ಟರು ಒಳ್ಳೆಯವರು, ಬೈಯದೆ ತಿಳಿಸಿ ಹೇಳಿದರು. ಇದು ಉಣ್ಣಿಯಿಂದಲೇ ಬರುವ ಜ್ವರ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕುತ್ತಿಗೆಯ ಹಿಂದೆ ಔಷಧಿಯ ಹನಿ ಹಾಕಿದರೆ ಉಣ್ಣಿ ಹತ್ತುವುದಿಲ್ಲ. ಹುಚ್ಚುನಾಯಿ ರೋಗದ ಲಸಿಕೆಯನ್ನು ಶಿಬಿರ ಮಾಡಿದಾಗ ಸರಕಾರದವರು ಪುಕ್ಕಟೆ ಹಾಕುತ್ತಾರೆ, ಅದನ್ನು ತಪ್ಪಿಸಬೇಡಿ. ಹಟ್ಟಿಯ ಬಿರುಕುಗಳಿಗೆ ಮಣ್ಣು ಮೆತ್ತಿ. ಕೊನೆಗೆ ಒಂದು ಮಾತು ಹೇಳಿದರು: "ಜಡ್ಡು ಬಂದ ಮ್ಯಾಲೆ ಹಾಕೂ ರೊಕ್ಕದಾಗ ಎರಡು ಮಳಿಗಾಲದ ಔಷಧಿ ಬರತೈತ್ರಿ ಯವ್ವಾ."

ಮನೆಗೆ ಬಂದು ಇದನ್ನೇ ಹೇಳಿದೆ. ಗಂಡ ನಕ್ಕರು. ತನಗೆ ಜ್ವರ ಬಂದರೆ ಕಷಾಯ ಕುಡಿಸುತ್ತಾಳೆ, ನಾಯಿಗೆ ಮಾತ್ರ ನವಲಗುಂದದ ಡಾಕ್ಟರು ಎಂದು ಕಟ್ಟೆಯ ಮೇಲೆ ಕೂತವರ ಎದುರಿಗೆ ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ನಾನು ಹಟ್ಟಿಗೆ ಹೋಗಿ ಬಿರುಕುಗಳಿಗೆ ಮಣ್ಣು ಮೆತ್ತಿದೆ.

ಈ ವರ್ಷ ಮೋಡ ಕಟ್ಟುವ ಮೊದಲೇ ತುಪ್ಪದ ರೊಕ್ಕದಲ್ಲಿ ಕುನ್ನಿಯ ಪಾಲನ್ನು ತೆಗೆದಿಟ್ಟಿದ್ದೆ. ಶ್ರಾವಣದ ಮೊದಲ ವಾರ ಮೈದುನ ಗೊಬ್ಬರ ತರಲು ನವಲಗುಂದಕ್ಕೆ ಹೊರಟಾಗ ಅದನ್ನು ಅವನ ಕೈಗೆ ಕೊಟ್ಟು, ಯಾವ ಅಂಗಡಿ, ಏನು ಕೇಳಬೇಕು ಎಂದು ಎರಡೆರಡು ಸಲ ಹೇಳಿದೆ. ಹೂಂ ಎಂದ. ಸಂಜೆ ಗೊಬ್ಬರದ ಚೀಲ ಬಂದವು. ಔಷಧಿ ಎಲ್ಲಿ ಎಂದರೆ, ಅದರ ವ್ಯವಸ್ಥೆ ಆಗತೈತಿ ಬಿಡ್ರಿ ವೈನಿ ಎಂದು ಎತ್ತು ಕಟ್ಟಲು ಹೋದ. ಅಂಗಡಿ ಮುಚ್ಚಿತ್ತೇನೋ, ಮತ್ತೆ ಹೋದಾಗ ತರುತ್ತಾನೆ ಎಂದುಕೊಂಡೆ.

ಮರುದಿನ ಸೋಮವಾರ. ಮಠದಲ್ಲಿ ಅಭಿಷೇಕವಿತ್ತು, ಮಡಿಯುಟ್ಟು ಹೋಗಿದ್ದೆ. ಪ್ರಸಾದ ತೆಗೆದುಕೊಂಡು ಮನೆಗೆ ಬಂದರೆ ಕುನ್ನಿ ಎದ್ದು ಬರಲಿಲ್ಲ. ಬೇವಿನ ಗಿಡದ ಬುಡದಲ್ಲಿ ಮೈಯೆಲ್ಲ ತೊಯ್ದು ಬಿದ್ದಿತ್ತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಹಿಂಗಾಲು ತಾವಾಗಿಯೇ ಅದುರುತ್ತಿದ್ದವು. ಹತ್ತಿರ ಹೋದರೆ ವಾಸನೆ. ಆ ವಾಸನೆ ನಮ್ಮ ಸೀಮೆಯಲ್ಲಿ ಯಾವ ಹೆಣ್ಣುಮಗಳಿಗೂ ಹೇಳಿಕೊಡಬೇಕಾಗಿಲ್ಲ. ಹತ್ತಿಯ ಹುಳುವಿಗೆ ಹೊಡೆಯುವ ಔಷಧಿ. ಗಂಡಸರು ಹೊಲದಿಂದ ಬಂದಾಗ ಅಂಗಿಯ ಮೇಲೆ ಬರುವುದು ಅದೇ ವಾಸನೆ.

ಮೈದುನ ಬಕೆಟ್ ತೊಳೆಯುತ್ತಿದ್ದ. ನನ್ನನ್ನು ನೋಡಿ ಅಂಗಿಯ ಜೇಬಿನಿಂದ ನೋಟು ತೆಗೆದ. ನಾನು ಮಡಚಿ ಕೊಟ್ಟ ಮಡಿಕೆ ಹಾಗೆಯೇ ಇತ್ತು.

"ತಗೋರಿ ವೈನಿ, ನಿಮ್ಮ ರೊಕ್ಕ ಉಳಸೇನಿ. ಹೋದ ಸಲದ ಹತ್ತಿ ಔಷಧಿ ಮನ್ಯಾಗ ಉಳದಿತ್ತು. ಅದೂ ಹುಳಾ ಕೊಲ್ಲತೈತಿ, ಇದೂ ಹುಳಾ ಕೊಲ್ಲತೈತಿ. ಒಂದ ಮುಚ್ಚಳ ನೀರಾಗ ಕೂಡಿಸಿ ಜಳಕಾ ಮಾಡಿಸಿಬಿಟ್ಟೆ."

ಅವನ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಂತೋಷವಿತ್ತು. ಅದನ್ನು ನೋಡಿಯೇ ನನ್ನ ಮೈಯೆಲ್ಲ ಉರಿಯಿತು. ಕದ್ದಿದ್ದರೆ ಕಳ್ಳ ಎನ್ನಬಹುದಿತ್ತು.

ಇದೇ ಮೈದುನ ಹತ್ತಿಗೆ ಔಷಧಿ ಹೊಡೆಯುವಾಗ ಮೂಗು ಬಾಯಿಗೆ ಬಟ್ಟೆ ಬಿಗಿಯುತ್ತಾನೆ. ಗಾಳಿ ಎದುರಾದರೆ ನಿಲ್ಲಿಸುತ್ತಾನೆ. ಮನೆಗೆ ಬಂದು ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ಮೈ ತೊಳೆದುಕೊಳ್ಳದೆ ರೊಟ್ಟಿ ಮುಟ್ಟುವುದಿಲ್ಲ. ಆ ಅಂಗಿಯನ್ನು ನಾನು ಬೇರೆ ಬುಟ್ಟಿಯಲ್ಲಿ ಒಗೆಯುತ್ತೇನೆ. ಇಷ್ಟೆಲ್ಲ ಗೊತ್ತಿದ್ದವನು ನಾಲಿಗೆಯಿಂದಲೇ ಮೈ ತೊಳೆದುಕೊಳ್ಳುವ ಪ್ರಾಣಿಗೆ ಅದರಲ್ಲೇ ಜಳಕ ಮಾಡಿಸಿ ಬಿಸಿಲಿಗೆ ಬಿಟ್ಟಿದ್ದ.

ಮಡಿಸೀರೆಯಲ್ಲೇ ಕೂತು ಕುನ್ನಿಯ ಮೈಗೆ ಸಾಬೂನು ಹಚ್ಚಿದೆ. ನಾನು ತಂಗಿ ಎಂದು ಕರೆಯುವ ಬಾಜೂ ಮನೆಯಾಕೆ, ಆಡಿಗೆ ಸೊಪ್ಪು ಹಾಕುತ್ತಿದ್ದವಳು, ನನ್ನ ದನಿ ಕೇಳಿ ಓಡಿ ಬಂದಳು. ಅವರದು ಮುಸಲ್ಮಾನರ ಮನೆ. ಗೋಡೆ ಒಂದೇ, ಬೇವಿನ ನೆರಳೂ ಒಂದೇ. ಅವಳು ಕೊಡದ ಮೇಲೆ ಕೊಡ ನೀರು ಸುರುವಿದಳು. ತನ್ನ ಗಂಡನಿಗೆ ಟಂಟಂ ಗಾಡಿ ತೆಗೆ ಎಂದು ಕೂಗಿ, ನನಗೆ ಹೇಳಿದಳು: "ಬಾಟ್ಲಿ ತಗೋ ಅಕ್ಕಾ. ದವಾಖಾನ್ಯಾಗ ಮೊದಲ ಅದನ್ನ ಕೇಳತಾರ." ಹೊಲದಲ್ಲಿ ಔಷಧಿ ಹೊಡೆಯುತ್ತಾ ತಲೆತಿರುಗಿ ಬಿದ್ದವರನ್ನು ಒಯ್ದಾಗ ಡಾಕ್ಟರು ಬಾಟಲಿ ಕೇಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ಆ ಹೊತ್ತಿಗೆ ತಲೆಗೆ ಬರಲಿಲ್ಲ. ಮೈದುನ ಬಾಟಲಿ ತಂದು ಕೊಟ್ಟ.

ಟಂಟಂನ ಹಿಂದೆ ಕೂತಾಗ ಕುನ್ನಿಯ ತಲೆಯನ್ನು ಆ ತಂಗಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾಯಿಯ ಜೊಲ್ಲು ತಾಗಿದರೆ ಅವರು ನಮಾಜಿಗೆ ಮೊದಲು ತೊಳೆಯಬೇಕು. ಅದು ನೆನಪಾಗಿ ನನ್ನ ಕಡೆಗೆ ಎಳೆದುಕೊಳ್ಳಲು ಹೋದೆ.

"ಮನಿಗ್ ಹೋಗಿ ತೊಳಕೋತೇನಿ. ನೀ ಸುಮ್ನ ಕಾಲ ಹಿಡಿ," ಎಂದಳು.

ಸಣ್ಣಪುಟ್ಟ ಕರುಣೆಗಳನ್ನು ಎಣಿಸಿ ದೇವರಿಗೆ ಒಪ್ಪಿಸುವುದು ನನ್ನ ರೂಢಿ. ದಾರಿಯುದ್ದಕ್ಕೂ ಎಣಿಸಿದೆ. ಅವತ್ತು ನಲ್ಲಿಗೆ ನೀರು ಬಂದು ಅಂಗಳದ ತೊಟ್ಟಿ ತುಂಬಿತ್ತು. ಟಂಟಂ ಬಾಡಿಗೆಗೆ ಹೋಗಿರಲಿಲ್ಲ. ಮಳೆ ಬಿದ್ದಿರಲಿಲ್ಲ, ಎರೆಮಣ್ಣಿನ ದಾರಿ ಗಟ್ಟಿಯಿತ್ತು. ಎಣಿಸುತ್ತಾ ಹೋದಂತೆ ಸಿಟ್ಟು ಇಳಿಯುವ ಬದಲು ಏರಿತು. ಶಿವ ಇಷ್ಟೆಲ್ಲವನ್ನು ಹೊಂದಿಸಿ ಇಡಬೇಕಾದದ್ದು ಯಾತಕ್ಕೆ? ಒಬ್ಬ ಗಂಡಸು ಹೇಳಿದ ಅಂಗಡಿಗೆ ಹೋಗಿ ಹೇಳಿದ್ದನ್ನು ತರಲಿಲ್ಲ ಎಂಬುದಕ್ಕೆ.

ಡಾಕ್ಟರು ಬೇರೆ ಊರಿಗೆ ಹೊರಡಲು ಗಾಡಿ ಹತ್ತುತ್ತಿದ್ದವರು ಇಳಿದರು. ಬಾಟಲಿ ನೋಡಿದರು, ಕುನ್ನಿಯ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಮಳೆಗಾಲದಲ್ಲಿ ಹೀಗೆ ಮಾಡಿಕೊಂಡು ಬರುವವರಲ್ಲಿ ನೀವೇ ಮೊದಲಲ್ಲ ಎಂದರು. ಹತ್ತಿ ಬೆಳೆಯುವ ಎಲ್ಲ ಊರಿನವರ ಲೆಕ್ಕವೂ ಇದೇ ಅಂತೆ, ಹುಳುವಿನ ಔಷಧಿ ಹುಳುವಿನ ಔಷಧಿಯೇ. ಸೂಜಿಯ ಮೇಲೆ ಸೂಜಿ ಹಾಕಿದರು. ನಡುಕ ನಿಲ್ಲುವವರೆಗೆ ಏನನ್ನೂ ಹೇಳಲಾರೆ ಎಂದರು. ನಾನು ಕೊರಳಲ್ಲಿನ ಇಷ್ಟಲಿಂಗದ ಕರಡಿಗೆ ಹಿಡಿದುಕೊಂಡು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳುತ್ತಾ ಸಂಜೆಯ ತನಕ ಅಲ್ಲಿಯೇ ನೆಲದ ಮೇಲೆ ಕೂತೆ. ಹೊತ್ತು ಇಳಿಯುವಾಗ ಜೊಲ್ಲು ನಿಂತಿತು. ಕುನ್ನಿ ಒಮ್ಮೆ ಬಾಲವನ್ನು ನೆಲಕ್ಕೆ ಬಡಿಯಿತು. ನನಗೆ ಅಳು ಬಂದದ್ದು ಆಗಲೇ.

ಮೈದುನ ಉಳಿಸಿಕೊಟ್ಟ ನೋಟು ಸೂಜಿಗಳಿಗೂ ಸಾಲಲಿಲ್ಲ. ಉಳಿದದ್ದನ್ನು ಆ ತಂಗಿಯ ಗಂಡ ಕೊಟ್ಟ. ಎರಡು ಸಂತೆಯ ತುಪ್ಪ ಮಾರಿ ನಾನೇ ತೀರಿಸಿದೆ.

ಗಂಡ ಕುನ್ನಿಯನ್ನು ನೋಡಿ, ಉಳೀತಲ್ಲ, ಇನ್ನ ಬಿಡು ಎಂದರು. ತಮ್ಮ ಬೇಕೆಂದು ಮಾಡಿದ್ದಲ್ಲ ಎಂದರು. ಬೇಕೆಂದು ಮಾಡಿದ್ದಲ್ಲ ಎಂಬುದು ನನಗೂ ಗೊತ್ತು. ಎತ್ತಿನ ಕಾಲಿಗೆ ಮುಳ್ಳು ಚುಚ್ಚಿದರೂ ಡಾಕ್ಟರಿಗೆ ಫೋನು ಮಾಡುವ ಮನೆ ಇದು. ಎತ್ತಿನ ಮೈಗೆ ಈ ಔಷಧಿ ಹಚ್ಚುತ್ತಿದ್ದನೇ? ಕೇಳಿದೆ.

ಮುಂದಿನ ರವಿವಾರ ಬಂತು. ಮೈಲಾರಲಿಂಗನ ಪೂಜೆಯಾಯಿತು. ಕಡುಬು, ಸಾರು, ಅನ್ನ ಮಾಡಿ ಎಡೆ ಹಿಡಿದೆ. ಗಂಡ ಭಂಡಾರದ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತು ಕುನ್ನಿಯನ್ನು ಕರೆದರು. ಅದು ಚಕ್ಕಡಿ ಗಾಡಿಯ ಕೆಳಗೆ ಮಲಗಿತ್ತು, ತಲೆ ಎತ್ತಿತು, ಬರಲಿಲ್ಲ. ಮೈದುನ ಎದ್ದು ಅದರ ಹತ್ತಿರ ಹೋದ. ಅವನನ್ನು ನೋಡಿ ಇನ್ನೂ ಒಳಕ್ಕೆ ಸರಿಯಿತು. ಆ ಜಳಕದ ದಿನದಿಂದ ಅದು ನನ್ನ ಕೈಯಲ್ಲಿ ಮಾತ್ರ ಉಣ್ಣುತ್ತಿತ್ತು.

"ನೀ ಕರಿ, ಬರತೈತಿ. ಎಡಿ ಆರಾಕತ್ತೈತಿ," ಎಂದರು ಗಂಡ.

"ನಾ ಕರಿಯೂದಿಲ್ಲರಿ."

ನಾಯಿ ತಿನ್ನದೆ ನಾವು ಯಾರೂ ಉಣ್ಣುವ ಹಾಗಿಲ್ಲ. ಅವರಿಗೂ ಗೊತ್ತು, ನನಗೂ ಗೊತ್ತು.

"ದೇವರ ಮುಂದ ಜಗಳಾ ತೆಗೀಬ್ಯಾಡ."

"ದೇವರ ಮುಂದನ ತೆಗೀತೇನಿ. ಅದರ ಹಣಿಗೆ ಭಂಡಾರ ಹಚ್ಚಾಕ ನಿಮ್ಮ ಕೈ ಬರತೈತಿ, ಕುತ್ತಿಗಿಗೆ ಔಷಧಿ ಹಾಕಾಕ ಬರೂದಿಲ್ಲ ಅಂದ್ರ, ಆ ಭಂಡಾರ ಬಟ್ಟಲದಾಗನ ಇರ್ಲಿ."

ಮೈದುನ ಮೆಲ್ಲಗೆ, ನಿಮ್ಮ ರೊಕ್ಕ ಉಳಸಬೇಕಂತ ಮಾಡಿದ್ದು ವೈನಿ, ಎಂದ. ಅದು ನನ್ನ ರೊಕ್ಕವಲ್ಲ, ಕುನ್ನಿಯ ರೊಕ್ಕ, ಅದನ್ನು ಉಳಿಸು ಎಂದು ಕುನ್ನಿ ನಿನಗೆ ಹೇಳಿತ್ತೇನು ಎಂದೆ. ನಾನೂ ಉಪವಾಸ ಕೂತೆ. ನನಗೆ ಉಪವಾಸ ರೂಢಿಯಿದೆ. ಅವರಿಗೆ ಇಲ್ಲ. ಗಂಡ ಒಂದು ಸಲ ಅಡುಗೆಮನೆಯ ಕಡೆ ನೋಡಿದರು, ಒಂದು ಸಲ ಚಕ್ಕಡಿಯ ಕಡೆ. ಕಡುಬಿನ ಮೇಲಿನ ತುಪ್ಪ ಹೆಪ್ಪುಗಟ್ಟಿತು. ಕೊನೆಗೆ ಮೈದುನ ಎದ್ದು, ಯಾವ ಅಂಗಡಿ, ಏನು ಕೇಳಬೇಕು ಎಂದು ನನ್ನನ್ನು ಕೇಳಿದ. ಈ ಸಲ ಮಾತು ಮಾತಿಗೆ ಹೂಂ ಎನ್ನದೆ ತಾನೂ ಒಂದು ಸಲ ಹೇಳಿ ಒಪ್ಪಿಸಿದ. ತನ್ನ ರೊಕ್ಕದಲ್ಲೇ ತರುತ್ತೇನೆ ಎಂದು ಬೈಕು ಹತ್ತಿದ.

ಅವನು ಬರುವ ಹೊತ್ತಿಗೆ ಬಿಸಿಲು ವಾಲಿತ್ತು. ಆ ಔಷಧಿಯ ಪುಟ್ಟ ಕೊಳವೆಯನ್ನು ನಾನು ಜಗಲಿಯ ಮೇಲೆ ಭಂಡಾರದ ಪಕ್ಕದಲ್ಲೇ ಇಟ್ಟೆ. ದೇವರ ಜಗಲಿಯ ಮೇಲೆ ಔಷಧಿಯೇ ಎಂದು ಗಂಡನ ಬಾಯಿಯವರೆಗೆ ಬಂದದ್ದು ಅಲ್ಲಿಯೇ ನಿಂತಿತು. ಆಮೇಲೆ ಕುನ್ನಿಯನ್ನು ಕರೆದೆ. ಬಂತು. ನನ್ನ ಕೈಯಿಂದ ತಿಂದಿತು. ನಾವೂ ಆರಿದ ಕಡುಬು ತಿಂದೆವು.

ಮೈಯಲ್ಲಿನ ವಿಷ ಪೂರ್ತಿ ಇಳಿಯುವವರೆಗೆ ಯಾವ ಔಷಧಿಯನ್ನೂ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ದಿನಾ ಸಂಜೆ ಉಣ್ಣಿಗಳನ್ನು ಚಿಮಟಿಗೆಯಿಂದ ಕಿತ್ತು ಸಾಬೂನಿನ ನೀರಿಗೆ ಹಾಕಿದೆ. ಹೊಲದ ಔಷಧಿಯ ಬಾಟಲಿಗಳನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ, ಕೀಲಿಯನ್ನು ನನ್ನ ಸೊಂಟಕ್ಕೆ ಸಿಗಿಸಿಕೊಂಡಿದ್ದೇನೆ. ಬೇಕಾದರೆ ಕೇಳಿ ಒಯ್ಯುತ್ತಾರೆ.

ಡಾಕ್ಟರು ಹಾಕಬಹುದು ಎಂದ ಮೇಲೆ ಬಂದ ರವಿವಾರ ಮೈದುನನ ಕೈಯಲ್ಲೇ ಔಷಧಿ ಹಾಕಿಸಿದೆ. ನಾನು ಕುನ್ನಿಯ ಮುಂಗಾಲು ಹಿಡಿದಿದ್ದೆ. ಅವನ ಕೈ ಕುತ್ತಿಗೆಗೆ ತಾಗಿದ್ದೇ ತಡ, ಅದು ಮೈಯೆಲ್ಲ ನಡುಗಿತು. ಅವನು ಹನಿ ಹಾಕಿ ಕೈ ತೆಗೆಯಲು ಹೋದ. ತೆಗೀಬ್ಯಾಡ ಎಂದೆ. ತಲೆಯ ಮೇಲೆ ಇಡಿಸಿದೆ. ಅದರ ನಡುಕ ನಿಲ್ಲುವವರೆಗೆ ಅವನು ಹಾಗೆಯೇ ಮೊಣಕಾಲೂರಿ ಕೂತ. ಬಹಳ ಹೊತ್ತು ಹಿಡಿಯಿತು. ಗಂಡ ಭಂಡಾರದ ಬಟ್ಟಲು ಹಿಡಿದು ಪಕ್ಕದಲ್ಲಿ ಕಾಯುತ್ತಾ ನಿಂತಿದ್ದರು.