ಮಹಡಿ ಮನೆಗೆ ರುಬ್ಬುವ ಕಲ್ಲು

ಗೆಳೆಯರೇ, ನಾವು ಕೊಳ್ಳಲಿರುವ ಕಾಂದಿವಲಿಯ ಮನೆ ಇವತ್ತು ಕೈತಪ್ಪಿ ಹೋಗುವುದರಲ್ಲಿತ್ತು. ಬೆಲೆಯಿಂದಲ್ಲ, ರುಬ್ಬುವ ಕಲ್ಲಿನಿಂದ.

ಮನೆ ಮಹಡಿಯ ಮೇಲಿದೆ. ಮಾರುವ ಯಜಮಾನರು ಎಲ್ಲ ತೋರಿಸಿದ ಮೇಲೆ, "ಕಲ್ಲು ಮಾತ್ರ ತರಬೇಡಿ, ಕೆಳಗಿನವರಿಗೆ ಸದ್ದಾಗುತ್ತದೆ" ಎಂದರು.

ಅಮ್ಮ ಅಲ್ಲೇ ನಿಂತಳು. "ದೋಸೆಗೆ ರುಬ್ಬಲಿಕ್ಕಾಗದ ಮನೆ ನಮಗೆ ಎಂಥದ್ದಕ್ಕೆ?"

"ಈಗಿರುವ ಪರೇಲಿನ ಕೋಣೆ ಮಾರಲಿಕ್ಕೆ ಮಾತು ಕೊಟ್ಟಾಗಿದೆ ಮಾರಾಯ್ತಿ. ತಿಂಗಳ ಕೊನೆಗೆ ಕೊಳ್ಳುವವರು ಸಾಮಾನು ತರ್ತಾರೆ" ಎಂದರು ಅಪ್ಪ.

"ಹಾಗಾದರೆ ನೀವು ಇಲ್ಲಿಗೆ ಬನ್ನಿ. ನಾನೂ ಕಲ್ಲೂ ಅಲ್ಲೇ ಇರ್ತೇವೆ."

ಬಿ.ಎ. ಪಾಸಾದರೂ ಟ್ರಾಮಿನಲ್ಲಿ ಟಿಕೆಟ್ ಕೇಳುವಾಗ ದನಿ ನಡುಗುವವಳು ನಾನು. ಅದೇನಾಯಿತೋ, ಮೆಟ್ಟಿಲಿಳಿದು ಕೆಳಮನೆಯ ಬಾಗಿಲು ತಟ್ಟಿದೆ. ಮರಾಠಿ ಅಜ್ಜಿಯೊಬ್ಬರು ಬಂದರು.

"ಆಜಿ, ನೀವು ಮಲಗುವುದು ಎಷ್ಟು ಹೊತ್ತಿಗೆ?" ಎಂದು ಅವರ ಭಾಷೆಯಲ್ಲೇ ಕೇಳಿದೆ.

"ಮಧ್ಯಾಹ್ನ ಎರಡರಿಂದ ನಾಲ್ಕು. ಯಾಕೆ?"

ಕಲ್ಲಿನ ವಿಷಯ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಸಂಜೆ ಎಷ್ಟು ಬೇಕಾದರೂ ರುಬ್ಬಿ. ಕಲ್ಲಿನ ಕೆಳಗೆ ಗೋಣಿಚೀಲ ಹಾಸಿ. ದೋಸೆ ಮಾಡಿದ ದಿನ ನನ್ನ ಮರೀಬೇಡಿ" ಎಂದರು. ಇದನ್ನು ಕೇಳಿ ಯಜಮಾನರೂ ಒಪ್ಪಿದರು.

ಬರುವಾಗ ಲೋಕಲ್ ರೈಲಿನಲ್ಲಿ ಅಮ್ಮ ಪಕ್ಕದ ಅಪರಿಚಿತ ಹೆಂಗಸಿಗೆ, "ಮನೆ ಗೊತ್ತು ಮಾಡಿದ್ದು ನನ್ನ ಮಗಳು" ಎನ್ನುತ್ತಿದ್ದಳು. ನಾನು ನಗು ಕಾಣದಂತೆ ಕಿಟಕಿಯ ಕಡೆ ತಿರುಗಿ ಕೂತೆ.

ಕಲ್ಲನ್ನು ಮಹಡಿಗೆ ಹೊರುವವರು ಯಾರೆಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ತಿಂಗಳ ಕೊನೆಯ ಭಾನುವಾರ ನಿಮಗೆಲ್ಲ ಬಿಡುವಿದೆಯೇ?