ಹಿಟ್ಟಿನ ಕೋಳಿ ನಡೆದದ್ದು

ಎಡಗಣ್ಣಿನ ಸಾಸಿವೆ ಕಾಳು ಬಲಗಣ್ಣಿನದಕ್ಕಿಂತ ತುಸು ದೊಡ್ಡದಾಗಿತ್ತು. ಅದರಿಂದ ಕೋಳಿಗೆ ಸದಾ ಏನನ್ನೋ ಅನುಮಾನಿಸುವ ಮುಖ ಬಂದಿತ್ತು. ಮೈಯೆಲ್ಲ ಉಪ್ಪು ಹಾಕಿ ಗಟ್ಟಿಯಾಗಿ ಕಲಸಿದ ಗೋಧಿ ಹಿಟ್ಟು.

ಅರವತ್ತರ ದಶಕದ ಆರಂಭ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಚನ್ನರಾಯಪಟ್ಟಣದ ಮನೆಗೆ ಬಂದಿದ್ದೆ. ಹಾಸನದ ಸೋದರಮಾವ ತಮ್ಮ ಪುಟ್ಟ ಸಿನಿಮಾ ಕ್ಯಾಮೆರಾವನ್ನು ಎರಡು ದಿನದ ಮಟ್ಟಿಗೆ ಕೊಟ್ಟಿದ್ದರು. ರೀಲಿನಲ್ಲಿ ಉಳಿದಿದ್ದ ಅರ್ಧ ನಿಮಿಷ ನನ್ನದು. ಗುಂಡಿ ಒತ್ತಿದರೆ ಒಂದೇ ಒಂದು ಚಿತ್ರ ಹಿಡಿಯುವ ಅನುಕೂಲ ಅದರಲ್ಲಿತ್ತು. ಸ್ಕೇಲಿಟ್ಟು ಕೋಳಿಯನ್ನು ಕಾಲಂಗುಲ ಸರಿಸುವುದು, ಎರಡು ಸಲ ಒತ್ತುವುದು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುವುದು. ಹೀಗೆ ಅದು ಮಣೆಯ ಮೇಲೆ ಹಿಂದೆ ಮುಂದೆ ನಡೆಯಿತು, ಕಾಳು ಹೆಕ್ಕಿತು. ಕೊನೆಗೆ ಕುಸಿದು ಮತ್ತೆ ಹಿಟ್ಟಿನ ಉಂಡೆಯಾಗಬೇಕೆಂಬುದು ನನ್ನ ಯೋಜನೆ. ಎರಡನೆಯ ಮಧ್ಯಾಹ್ನ ಅದರ ಕತ್ತಿನ ಮೇಲೆ ಹೆಬ್ಬೆರಳಿಟ್ಟೆ.

"ಏಯ್, ಏನ್ ಮಾಡ್ತೀಯೇ?" ಕಿಟಕಿಯ ಬಳಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಕೇಳಿದರು.

"ಇದೇ ಕೊನೆ, ಅಜ್ಜಿ. ಅಮುಕಿ ಉಂಡೆ ಮಾಡ್ತೀನಿ."

"ಬ್ಯಾಡ ಕಣೇ. ಹಿಟ್ಟಿನ ಕೋಳಿ ಆದ್ರೂ ಕೊಲ್ಬಾರ್ದು."

ನಾವು ಜೈನರು. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟವರು ಜನ್ಮಜನ್ಮಾಂತರ ಪಟ್ಟ ಪಾಡನ್ನು ಬಸದಿಯಲ್ಲಿ ಚಿಕ್ಕಂದಿನಿಂದ ಕೇಳಿದ್ದೆ. ಹಿಟ್ಟು ಕಲಸುವಾಗ ಅದು ನೆನಪಾಗಿರಲಿಲ್ಲ.

"ದಿನಾ ಚಪಾತಿ ಹಿಟ್ಟು ನಾದಲ್ವಾ ನೀವು?"

"ಚಪಾತಿ ಹಿಟ್ಟು ನಡೆಯಾಕಿಲ್ಲ. ಇದು ನಿನ್ನೆಯಿಂದ ನಡೀತೈತೆ. ನಡ್ಸಿದೋಳು ನೀನೇ ಅಲ್ವೇನೇ?"

ನೋಟ್‌ಬುಕ್ ಎಳೆದುಕೊಂಡೆ. ಗೆರೆಗಳನ್ನು ಎಣಿಸಿದೆ: ನಲವತ್ತು ಚಿತ್ರಗಳಷ್ಟೇ ಬಾಕಿ. ಕೋಳಿಯನ್ನು ಅಮುಕಿದರೆ ಅಜ್ಜಿ ಈ ಸಿನಿಮಾ ನೋಡುವುದಿಲ್ಲ. ಅವರು ನೋಡಲೆಂದೇ ನಾನು ಇದನ್ನು ಮಾಡುತ್ತಿದ್ದೆ. ಅವರಿಗೆ ಹೇಳಿರಲಿಲ್ಲ, ಅಷ್ಟೆ.

ಹೆಬ್ಬೆರಳು ತೆಗೆದೆ. ಕೋಳಿ ಮಣೆ ದಾಟಿ ಆಚೆ ಹೋಗಲಿ ಎಂದುಕೊಂಡೆ. ಆದರೆ ಕಾಲಂಗುಲದ ಹೆಜ್ಜೆಯಲ್ಲಿ ನಲವತ್ತು ಚಿತ್ರ ಸಾಲದು. ಸ್ಕೇಲು ಬದಿಗಿಟ್ಟು, ಕಣ್ಣಂದಾಜಿನಲ್ಲಿ ಒಂದು ಹೆಜ್ಜೆ ದೊಡ್ಡದು, ಒಂದು ಚಿಕ್ಕದು, ನಡುವೆ ಒಮ್ಮೆ ಕತ್ತು ಹಿಂದಕ್ಕೆ ತಿರುಗಿಸಿ, ಹೇಗೋ ದಾಟಿಸಿದೆ.

ರೀಲು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬರಲು ಒಂದೂವರೆ ತಿಂಗಳಾಯಿತು. ಅಜ್ಜಿಯನ್ನೂ ಕರೆದುಕೊಂಡು ಹಾಸನಕ್ಕೆ ಹೋದೆ. ಮಾವನ ಮನೆಯ ಕೋಣೆಯನ್ನು ಮಧ್ಯಾಹ್ನವೇ ಕತ್ತಲು ಮಾಡಿ ಗೋಡೆಯ ಮೇಲೆ ಸಿನಿಮಾ ಬಿಟ್ಟರು. ನಾಚಿಕೆಯಾಯಿತು. ಹಗಲಿಡೀ ಸರಿದ ಬಿಸಿಲನ್ನು ನಾನು ಗಮನಿಸಿರಲಿಲ್ಲ. ಕಿಟಕಿ ಸರಳುಗಳ ನೆರಳು ಮಣೆಯ ಮೇಲೆ ರೈಲಿನಂತೆ ಓಡಿತು. ಒಂದು ಕಡೆ ನನ್ನ ಸೆರಗಿನ ತುದಿ ಮಿಂಚಿ ಮಾಯವಾಯಿತು. ಅಳೆದು ಇಟ್ಟ ಹೆಜ್ಜೆಗಳಲ್ಲಿ ಕೋಳಿ ಗಡಿಯಾರದ ಮುಳ್ಳಿನಂತೆ ಸಾಗಿತು. ಕೊನೆಯಲ್ಲಿ ಮಾತ್ರ ನಿಂತು, ಹಿಂದಿರುಗಿ ನೋಡಿ, ಬಿದ್ದಂಬೀಳ ಓಡಿತು.

ಎಲ್ಲರೂ ನಕ್ಕರು. ಅಜ್ಜಿ ನನ್ನ ಮಂಡಿಗೆ ಹೊಡೆದು, "ತಪ್ಪಿಸ್ಕೊಂಬುಡ್ತು ಕಣೇ ನಿನ್ ಕೈಯಿಂದ!" ಎಂದರು.

ಸಂಜೆಯ ಬಸ್ಸಿಗೆ ಊರಿಗೆ ಮರಳಿದೆವು. ಮರುದಿನ ಬೆಳಿಗ್ಗೆ ಗೋಡೆಯ ಗೂಡಿನಲ್ಲಿಟ್ಟಿದ್ದ ಕೋಳಿಯನ್ನು ಇಳಿಸಿದೆ. ಒಣಗಿ ಬಿರುಕು ಬಿಟ್ಟಿತ್ತು, ಎಡಗಣ್ಣು ಬಿದ್ದುಹೋಗಿತ್ತು. ಸಾಸಿವೆ ಡಬ್ಬದಿಂದ ಒಂದು ದಪ್ಪ ಕಾಳನ್ನೇ ಹುಡುಕಿ, ಮೈದಾ ಅಂಟಿನಿಂದ ಕೂರಿಸಿದೆ.