ಅಕ್ಕನ ಇಸ್ತ್ರೆಲೆ ಮತ್ತು ನನ್ನ ಸುಳ್ಳು

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಮ್ಮ ಮನೆಯ ಜಗಲಿಯ ಮೇಲೆ ಸದಾ ಒಣಗಿದ ಎಲೆಯ ವಾಸನೆ ಇರುತ್ತಿತ್ತು. ಬಂಗಾರಪೇಟೆಯ ಹತ್ತಿರ ನಮ್ಮ ಹಳ್ಳಿ. ಅಕ್ಕ ಮುತ್ತುಗದ ಎಲೆಗಳನ್ನು ಒಂದರ ಪಕ್ಕ ಒಂದಿಟ್ಟು, ಸಣ್ಣ ಕಡ್ಡಿಗಳಿಂದ ಚುಚ್ಚಿ, ದುಂಡಗೆ ಹೊಲಿಯುತ್ತಿದ್ದಳು. ಊಟಕ್ಕೆ ಹಾಕುವ ಆ ಎಲೆಯನ್ನು ನಾವು ಇಸ್ತ್ರೆಲೆ ಎನ್ನುತ್ತಿದ್ದೆವು. ಅವಳ ಬೆರಳು ಎಷ್ಟು ಬೇಗ ಓಡುತ್ತಿತ್ತೆಂದರೆ, ಕಡ್ಡಿ ಮುರಿಯುವ ಚಟ್ ಚಟ್ ಸದ್ದು ಮಾತ್ರ ನನಗೆ ಕೇಳಿಸುತ್ತಿತ್ತು.

ಅಕ್ಕನಿಗೆ ಆಗ ಹದಿನಾರು, ನನಗೆ ಹತ್ತು. ಅಮ್ಮ ಇರಲಿಲ್ಲ. ಅಪ್ಪ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ರಾಬರ್ಟ್‌ಸನ್‌ಪೇಟೆಯ ಒಂದು ಊಟದ ಹೋಟೆಲಿಗೆ ಅಕ್ಕನದೇ ಎಲೆ. ಪಕ್ಕದ ಮನೆಯ ಇಬ್ಬರು ಹೆಂಗಸರನ್ನೂ ಕೂರಿಸಿಕೊಂಡು ಇನ್ನೂ ಹೆಚ್ಚು ಹೊಲಿಯಬೇಕು, ಇನ್ನೊಂದು ಹೋಟೆಲಿಗೂ ಕೊಡಬೇಕು ಎಂದು ಅವಳಿಗೆ ಆಸೆ. ಪ್ರತಿ ಭಾನುವಾರ ಕಟ್ಟು ಹೊತ್ತುಕೊಂಡು ರೈಲಿನಲ್ಲಿ ಹೋಗುವುದು ಅಪ್ಪನ ಕೆಲಸ. ಆ ಭಾನುವಾರ ಅಪ್ಪನಿಗೆ ಜ್ವರ ಬಂತು.

"ಜೋಪಾನ ಕಣ್ಲಾ. ದಾರೀಲಿ ಎಲ್ಲೂ ನಿಲ್ಬ್ಯಾಡ. ಊಟದ ಒತ್ಗೆ ಮುಂಚೆ ಕೊಟ್ಬುಡು" ಎಂದು ಅಕ್ಕ ಕಟ್ಟನ್ನು ನನ್ನ ತಲೆಯ ಮೇಲಿಟ್ಟಳು.

ರೈಲಿನ ಕಿಟಕಿಯಿಂದ ಚಿನ್ನದ ಗಣಿಯ ದೊಡ್ಡ ರಾಟೆಗಳು ತಿರುಗುವುದು ಕಾಣುತ್ತಿತ್ತು. ಕೋರಮಂಡಲ್ ಸ್ಟೇಷನ್ನು ಬಂದಾಗ ದೂರದಲ್ಲಿ ಬೂದಿ ಬಣ್ಣದ ಗುಡ್ಡ ಕಂಡಿತು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯನ್ನು ಸುರಿದೂ ಸುರಿದೂ ಆದ ಗುಡ್ಡ ಅದು. ಅದರ ಮೇಲಿಂದ ಹುಡುಗರು ಜಾರುತ್ತಿದ್ದರು! ನಾನು ಅಲ್ಲೇ ಇಳಿದುಬಿಟ್ಟೆ.

ಕಾಲಿಟ್ಟರೆ ಹಿಟ್ಟಿನಂತೆ ಹೂತುಹೋಗುವ ಪುಡಿ, ಮೂಗಿಗೆ ಘಾಟು. ಅದರಲ್ಲಿ ವಿಷ ಇರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಬೇರೆ ಹುಡುಗರು ತಗಡಿನ ಮೇಲೆ ಕೂತು ಜಾರುತ್ತಿದ್ದರು. ನನ್ನ ಹತ್ತಿರ ತಗಡಿರಲಿಲ್ಲ. ಅಕ್ಕನ ಎಲೆಯ ಕಟ್ಟಿನ ಮೇಲೆ ಕೂತೆ. ಗಾಳಿ ಕಿವಿಯಲ್ಲಿ ಸುಯ್ ಎಂದಿತು. ಎಷ್ಟು ಸಲ ಜಾರಿದೆನೋ ಗೊತ್ತಿಲ್ಲ. ಕೊನೆಗೆ ಹಗ್ಗ ಹರಿದು, ಎಲೆಗಳೆಲ್ಲ ಇಳಿಜಾರಿನ ಉದ್ದಕ್ಕೂ ಚೆಲ್ಲಿದವು. ಒಂದೊಂದನ್ನೇ ಆರಿಸಿ ಅಂಗಿಯಿಂದ ಒರೆಸಿದೆ. ಪುಡಿ ಹೊಲಿಗೆಯ ಸಂದಿಗೆ ಹೋಗಿ ಕೂತಿತ್ತು.

ರಾಬರ್ಟ್‌ಸನ್‌ಪೇಟೆಗೆ ಓಡಿ ಮುಟ್ಟುವ ಹೊತ್ತಿಗೆ ಹೋಟೆಲಿನಲ್ಲಿ ಊಟಕ್ಕೆ ಜನ ಕೂತಾಗಿತ್ತು. ಸಾರಿನ ಘಮ ಬೀದಿಯವರೆಗೂ ಬರುತ್ತಿತ್ತು. ಯಜಮಾನರು ಮೇಲಿನ ಎಲೆ ತೆಗೆದು ಕೊಡವಿದರು. ಬೂದಿ ಉದುರಿತು.

"ಏನ್ ತಂಬಿ ಇದು? ಇದ್ರ ಮೇಲೆ ಅನ್ನ ಹಾಕೋಕಾಗತ್ತಾ?"

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಬ್ಬ ಏಜೆಂಟು ಹೊಳೆಯುವ ಪ್ಲಾಸ್ಟಿಕ್ ಹಾಳೆಗಳನ್ನು ಇಟ್ಟುಕೊಂಡು ಕೂತಿದ್ದ. ಬೇರೆ ದಾರಿಯಿಲ್ಲದೆ ಯಜಮಾನರು ಆ ಹಾಳೆಗಳನ್ನೇ ಹಾಸಿಸಿದರು. ಆಮೇಲೆ ನನ್ನನ್ನು ಕರೆದು, ಸಿಟ್ಟು ಇಳಿಸಿಕೊಂಡು ಹೇಳಿದರು: "ನಿಮ್ಮಕ್ಕನ ಹೊಲಿಗೆ ಗಟ್ಟಿ, ಅದು ನನಗೆ ಗೊತ್ತು. ಮುಂದಿನ ವಾರ ಅವಳನ್ನೇ ಬರೋಕೆ ಹೇಳು. ಬರಲಿಲ್ಲಾಂದ್ರೆ ಈ ಹಾಳೆನೇ ತಗೋಬೇಕಾಗತ್ತೆ."

ಎಲೆಗಳನ್ನು ರೈಲು ಹಳಿಯ ಪಕ್ಕ ಬಿಸಾಕಿ ಮನೆಗೆ ಬಂದೆ. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಬೈಗುಳಕ್ಕೆ ಹೆದರಿ ನನ್ನ ಬಾಯಿಗೆ ಬಂದದ್ದು ಇಷ್ಟು: "ನಿನ್ ಹೊಲಿಗೆ ಸರಿಯಿಲ್ವಂತೆ. ಸಾಂಬಾರು ಸೋರ್ತದಂತೆ. ಇನ್ಮ್ಯಾಕೆ ಬ್ಯಾಡ ಅಂದ್ರು."

ಅಕ್ಕ ಒಳಗೆ ಹೋದಳು. ಮನೆಯಲ್ಲಿ ಉಳಿದಿದ್ದ ಒಂದು ಎಲೆಯನ್ನು ಸಂಜೆಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಅದಕ್ಕೆ ನೀರು ಹಾಕಿದಳು. ಸೋರಲಿಲ್ಲ. ಆದರೂ ಕಡ್ಡಿಗಳನ್ನೆಲ್ಲ ಕಿತ್ತು ಮತ್ತೆ ಹೊಲಿಯಲು ಕೂತಳು.

ಅಪ್ಪ ಕಂಬಳಿಯೊಳಗಿಂದ, "ಜರ ಬುಡ್ಲಿ, ನಾನೇ ಓಗಿ ಕೇಳ್ತೀನಿ" ಎಂದ.

"ಬ್ಯಾಡಪ್ಪ. ಚೆನ್ನಾಗಿಲ್ಲ ಅಂದ್ಮ್ಯಾಗೆ ಏನಂತ ಕೇಳೋದು?" ಎಂದಳು ಅಕ್ಕ.

ಆಗಲೂ ನಾನು ಬಾಯಿ ಬಿಡಲಿಲ್ಲ. ಮುಂದಿನ ಭಾನುವಾರವೂ ಬಿಡಲಿಲ್ಲ. ಅದಾದ ತಿಂಗಳಿಗೆ ಅಕ್ಕ ಇಟ್ಟಿಗೆ ಗೂಡಿಗೆ ಕೂಲಿಗೆ ಹೋದಳು. ಸಂಜೆ ಬಂದು, ಅಂಗೈಯ ಬೊಬ್ಬೆಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಾನು ಪುಸ್ತಕ ಅಡ್ಡ ಹಿಡಿದು ಮುಖ ಮುಚ್ಚಿಕೊಳ್ಳುತ್ತಿದ್ದೆ. ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಪ್ಲಾಸ್ಟಿಕ್ ಹಬ್ಬಿತು. ನಾನು ಸುಳ್ಳು ಹೇಳದಿದ್ದರೂ ಅದು ಬರುತ್ತಿತ್ತೇನೋ. ಹಾಗೆಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಈಗ ನೋಡಿ ಮಕ್ಕಳೇ, ಆ ಪ್ಲಾಸ್ಟಿಕ್ಕು ಮೋರಿಗಳಲ್ಲಿ ಸಿಕ್ಕಿಕೊಂಡು, ದನಗಳ ಹೊಟ್ಟೆ ಸೇರಿ, ಕೊನೆಗೆ ಸರ್ಕಾರವೇ ಅದು ಬೇಡ ಎಂದಿತು. ನನ್ನ ಮಗಳು, ನಿಮ್ಮ ಅಮ್ಮ, ಬಂಗಾರಪೇಟೆಯ ಶೆಡ್ಡಿನಲ್ಲಿ ಯಂತ್ರ ಇಟ್ಟು, ಎಲೆಯನ್ನು ಬಿಸಿಯಲ್ಲಿ ಒತ್ತಿ ತಟ್ಟೆ ಮಾಡಿಸುತ್ತಾಳೆ. ಅದನ್ನು ಕೊಳ್ಳುವ ಹೊರದೇಶದವರು ಫೋನಿನ ತೆರೆಯ ಮೇಲೆ ಬಂದು ಏನೇನು ಕೇಳುತ್ತಾರೆಂದು ನೀವೇ ನೋಡಿದ್ದೀರಿ. ಎಲೆ ಯಾವ ಕಾಡಿನದು, ಮರ ಕಡಿದಿರಾ, ಚಿಕ್ಕ ಮಕ್ಕಳಿಂದ ಕೆಲಸ ಮಾಡಿಸಿದಿರಾ, ಹೆಂಗಸರಿಗೆ ಸರಿಯಾದ ಕೂಲಿ ಕೊಟ್ಟಿರಾ? ನಮ್ಮ ಕಾಲದಲ್ಲಿ ಊಟ ಮುಗಿಸಿ ಎಲೆ ಎಸೆದವರು ಯಾರೂ, ಇದನ್ನು ಹೊಲಿದವರು ಯಾರು ಎಂದು ಕೇಳುತ್ತಿರಲಿಲ್ಲ. ಅಕ್ಕ ಎಲ್ಲಿಗೆ ಹೋದಳು ಎಂದೂ ಕೇಳಲಿಲ್ಲ.

ಕಳೆದ ತಿಂಗಳು ಕೈಯಲ್ಲೇ ಹೊಲಿದ ಎಲೆಗಳು ಬೇಕೆಂದು ಆ ಕೊಳ್ಳುವವರಲ್ಲಿ ಒಬ್ಬರು ಕೇಳಿದರು. ಶೆಡ್ಡಿನ ಹೆಂಗಸರಿಗೆ ಕಲಿಸಿಕೊಡಿ ಎಂದು ನಿಮ್ಮ ಅಮ್ಮ ಅಕ್ಕನನ್ನು ಬೇಡಿಕೊಂಡಳು. ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹೇಳಿದಳು: "ಬ್ಯಾಡ ಕಣಮ್ಮ. ನನ್ ಹೊಲಿಗೆ ನಿಲ್ಲಾಕಿಲ್ಲ. ಆವತ್ತೇ ಓಟ್ಲಿನೋರು ಯೋಳವ್ರೆ."

ಅವಳ ಮುಂದೆ ನೆಲದ ಮೇಲೆ ಕೂತು ಗುಡ್ಡ, ಪುಡಿ, ಯಜಮಾನರ ಮಾತು ಎಲ್ಲವನ್ನೂ ಹೇಳಿಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಸುಕ್ಕುಗಟ್ಟಿದ ಬೆರಳುಗಳನ್ನು ಸೆರಗಿನಿಂದ ಹೊರಗೆ ತೆಗೆದು, ಯಾರದೋ ಬೆರಳುಗಳನ್ನು ನೋಡುವಂತೆ ನೋಡಿಕೊಂಡಳು.

"ಅಂಗಾದ್ರೆ ನನ್ ಕೈ ಸರಿಯಾಗೇ ಇತ್ತೇನ್ಲಾ?" ಎಂದಳು.